ಹಲ್ಲಿಗೆ ಕ್ಲಿಪ್ ಹಾಕಿಸುವ ಮುನ್ನ, ಹಾಕಿಸಿದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲಿಪ್ ಹಾಕಿಸಿಕೊಳ್ಳಲು ಬಂದವರು ಒಳಗೆ ಕೂತಾಗ ಹೆಚ್ಚು ಮಾತಾಡುವುದಿಲ್ಲ. ಎಲ್ಲ ಮುಗಿದು, ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುವಾಗ ಒಂದೊಂದೇ ಪ್ರಶ್ನೆ ನೆನಪಾಗುತ್ತದೆ. ಹಾಗೆ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ. ಸೊಟ್ಟ ಹಲ್ಲು, ಉಬ್ಬು ಹಲ್ಲು ಸರಿಪಡಿಸುವುದು ನನ್ನ ಕೆಲಸ. 14ನೇ ವಯಸ್ಸಿನಲ್ಲಿ ನಾನೂ ಕ್ಲಿಪ್ ಹಾಕಿಸಿಕೊಂಡಿದ್ದೆ. ಹಾಗಾಗಿ ಎರಡೂ ಕಡೆಯ ಅನುಭವ ಇದರಲ್ಲಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ನಿಮ್ಮ ಹಲ್ಲು ನೋಡುವುದು ತಿಂಗಳಿಗೆ ಹೆಚ್ಚೆಂದರೆ ಅರ್ಧ ಗಂಟೆ. ಉಳಿದಷ್ಟು ಹೊತ್ತೂ ಆ ತಂತಿ ನಿಮ್ಮ ಬಾಯಲ್ಲಿ, ನಿಮ್ಮ ಮನೆಯಲ್ಲಿ, ನಿಮ್ಮ ಊಟದ ತಟ್ಟೆಯ ಮುಂದೆ ಇರುತ್ತದೆ. ಕೆಲಸ ಕೆಡುವುದೂ ಚೆನ್ನಾಗಿ ಆಗುವುದೂ ಬಹುಪಾಲು ಅಲ್ಲೇ.

ಹಲ್ಲು ಮೂಳೆಯಲ್ಲಿ ಗಟ್ಟಿಯಾಗಿ ಕೂತಿದೆ. ಒಂದು ತಂತಿ ಅದನ್ನು ಹೇಗೆ ಸರಿಸುತ್ತದೆ?

ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ಕೂತಿಲ್ಲ. ಬೇರಿಗೂ ಮೂಳೆಗೂ ನಡುವೆ ನಾರಿನಂಥ ಒಂದು ತೆಳು ಪದರ ಇದೆ. ಅದರ ದಪ್ಪ ಸುಮಾರು 0.2 ಮಿಲಿಮೀಟರ್, ಅಷ್ಟೇ. ತಂತಿ ಮೆಲ್ಲಗೆ ಒತ್ತಿದಾಗ ಈ ಪದರ ಒಂದು ಬದಿಯಲ್ಲಿ ಅಮುಕಿಕೊಳ್ಳುತ್ತದೆ, ಇನ್ನೊಂದು ಬದಿಯಲ್ಲಿ ಹಿಗ್ಗುತ್ತದೆ. ಅಮುಕಿದ ಕಡೆ ಮೂಳೆ ಕರಗಿಸುವ ಜೀವಕೋಶಗಳು ಬಂದು ಸೇರುತ್ತವೆ. ಹಿಗ್ಗಿದ ಕಡೆ ಹೊಸ ಮೂಳೆ ಕಟ್ಟುವ ಕೋಶಗಳು ಕೆಲಸ ಶುರು ಮಾಡುತ್ತವೆ. ಮುಂದೆ ಜಾಗ ಆಗುತ್ತಾ, ಹಿಂದೆ ತುಂಬುತ್ತಾ ಹಲ್ಲು ಸರಿಯುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ಎಂಬ ವೈದ್ಯರು 1904ರ ಹೊತ್ತಿಗೆ ನಾಯಿಯ ಹಲ್ಲಿನ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದರು.

ಅಂದರೆ ಹಲ್ಲನ್ನು ಸರಿಸುವುದು ತಂತಿ ಅಲ್ಲ, ನಿಮ್ಮ ಮೈಯೇ. ತಂತಿ ದಾರಿ ತೋರಿಸುತ್ತದೆ. ಇದು ಗೊತ್ತಾದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಹಾಗೆ.

ಸ್ವಲ್ಪ ಜಾಸ್ತಿ ಟೈಟ್ ಮಾಡಿದರೆ ಬೇಗ ಮುಗಿಯುತ್ತದೆ ಅಲ್ವಾ?

ಇಲ್ಲ, ತಡವಾಗುತ್ತದೆ. ಜೋರಾಗಿ ಒತ್ತಿದರೆ ಆ ತೆಳು ಪದರದ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಅಲ್ಲಿನ ಕೋಶಗಳು ಸಾಯುತ್ತವೆ. ಅದು ಸರಿಹೋಗುವವರೆಗೆ ಹಲ್ಲು ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಬೇರು ಸವೆಯುವ ಅಪಾಯವೂ ಹೆಚ್ಚು. ಹಲ್ಲು ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿದರೆ ಅದು ಒಳ್ಳೆಯ ವೇಗ.

ಹಾಗಾದರೆ ಒಟ್ಟು ಎಷ್ಟು ದಿನ ಬೇಕು? ಆರು ತಿಂಗಳಲ್ಲಿ ಮದುವೆ ಇದೆ.

ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ. ಹಲ್ಲು ಕೀಳಿಸಿ ಆ ಜಾಗ ಮುಚ್ಚಬೇಕಾದರೆ ಇನ್ನೂ ಕೆಲವು ತಿಂಗಳು ಸೇರುತ್ತವೆ. ಸಣ್ಣ ಸಂದು ಮುಚ್ಚುವುದು, ಒಂದೆರಡು ಹಲ್ಲು ತಿರುಗಿಸುವುದು ಆರೇಳು ತಿಂಗಳಲ್ಲೂ ಮುಗಿಯಬಹುದು.

ಮದುವೆ ಹತ್ತಿರ ಇದ್ದರೆ ಅದನ್ನು ಮೊದಲ ದಿನವೇ ಹೇಳಿ. ಮುಹೂರ್ತಕ್ಕೆ ತಂತಿಯನ್ನು ತಾತ್ಕಾಲಿಕವಾಗಿ ತೆಗೆದು, ಆಮೇಲೆ ಹಾಕಬಹುದು. ತಂತಿ ಹಿಡಿದಿಡುವ ಬಣ್ಣದ ಪುಟ್ಟ ರಬ್ಬರ್ ಬದಲಿಗೆ ಕಣ್ಣಿಗೆ ಬೀಳದಂಥದ್ದು ಹಾಕಬಹುದು. ಅಥವಾ ಮದುವೆ ಮುಗಿದ ಮೇಲೇ ಶುರು ಮಾಡಬಹುದು. ಆರು ತಿಂಗಳಲ್ಲಿ ಎಲ್ಲ ಸರಿಮಾಡಿ ಅಂತ ಒತ್ತಾಯ ಮಾತ್ರ ಬೇಡ. ಅವಸರದಲ್ಲಿ ಹಲ್ಲು ಸವರಿ ಕ್ಯಾಪ್ ಹಾಕಿಸಿಕೊಂಡು, ನಾಲ್ಕೈದು ವರ್ಷದ ನಂತರ ನೋವು ಅಂತ ಬಂದವರನ್ನು ನೋಡಿದ್ದೇನೆ. ಚೆನ್ನಾಗಿದ್ದ ಹಲ್ಲು ಅದು. ಸುಮ್ನೆ ಹಾಳಾಯಿತು. ಈಗಲೂ ನೆನೆದರೆ ಬೇಜಾರಾಗುತ್ತದೆ.

ಮಗುವನ್ನು ಯಾವ ವಯಸ್ಸಿಗೆ ತೋರಿಸಬೇಕು?

ಕ್ಲಿಪ್ ಹಾಕುವ ವಯಸ್ಸು ಬೇರೆ, ತೋರಿಸುವ ವಯಸ್ಸು ಬೇರೆ. ಏಳು ವರ್ಷಕ್ಕೆ ಒಮ್ಮೆ ತೋರಿಸಿ. ಆ ಹೊತ್ತಿಗೆ ಶಾಶ್ವತ ಹಲ್ಲುಗಳಲ್ಲಿ ಮೊದಲ ದವಡೆ ಹಲ್ಲು, ಮುಂದಿನ ಕೆಲವು ಹಲ್ಲು ಬಂದಿರುತ್ತವೆ. ದವಡೆ ಹೇಗೆ ಬೆಳೆಯುತ್ತಿದೆ ಎಂದು ಗೊತ್ತಾಗುತ್ತದೆ. ಹೆಚ್ಚಿನ ಮಕ್ಕಳಿಗೆ 'ಈಗ ಏನೂ ಬೇಡ, ಮುಂದಿನ ವರ್ಷ ಬನ್ನಿ' ಎಂದೇ ಹೇಳಿ ಕಳಿಸುತ್ತೇವೆ. ಪೂರ್ತಿ ಕ್ಲಿಪ್ ಹಾಕುವುದು ಹಾಲು ಹಲ್ಲೆಲ್ಲ ಬಿದ್ದ ಮೇಲೆ, ಸುಮಾರು 12–13ಕ್ಕೆ.

ಆದರೆ ಕೆಲವಕ್ಕೆ ಕಾಯಬಾರದು. ಕೆಳದವಡೆ ಹಿಂದೆ ಸರಿದಿದ್ದು ಮೇಲಿನ ಹಲ್ಲು ತೀರಾ ಮುಂದೆ ಕಾಣುವ ಮಕ್ಕಳಿಗೆ, ಮೈ ಬೆಳೆಯುವ ಕಾಲದಲ್ಲೇ ದವಡೆಯ ಬೆಳವಣಿಗೆಯ ಲಾಭ ಪಡೆಯಬಹುದು. ಹುಡುಗಿಯರಿಗೆ ಆ ಕಾಲ ಹುಡುಗರಿಗಿಂತ ಎರಡು ವರ್ಷ ಮೊದಲೇ ಬರುತ್ತದೆ. ಬೆಳವಣಿಗೆ ನಿಂತ ಮೇಲೆ ಬಂದರೆ ಅದೇ ತೊಂದರೆಗೆ ಆಪರೇಷನ್ ಬೇಕಾಗಬಹುದು. ಕೆಳಗಿನ ಹಲ್ಲು ಮೇಲಿನ ಹಲ್ಲಿನ ಹೊರಗೆ ಕಚ್ಚುತ್ತಿದ್ದರೂ ಬೇಗ ತೋರಿಸಿ.

ಇನ್ನು ಮೂರು ಸಂಗತಿ ಗಮನಿಸಿ. ನಾಲ್ಕೈದು ವರ್ಷ ದಾಟಿದರೂ ಬೆರಳು ಚೀಪುತ್ತದೆಯಾ? ರಾತ್ರಿ ಬಾಯಿ ತೆರೆದು ಉಸಿರಾಡುತ್ತದೆಯಾ, ಗೊರಕೆ ಇದೆಯಾ? ಹಾಲು ಹಲ್ಲು ಹುಳುಕಾಗಿ ಬೇಗ ಕೀಳಿಸಬೇಕಾಯಿತಾ? 'ಹೇಗೂ ಬೀಳುವ ಹಲ್ಲು ತಾನೆ' ಎಂದು ಹಾಲು ಹಲ್ಲನ್ನು ನಿರ್ಲಕ್ಷ್ಯ ಮಾಡಬೇಡಿ. ಅದು ಮುಂದೆ ಬರುವ ಹಲ್ಲಿಗೆ ಜಾಗ ಹಿಡಿದು ಕೂತಿರುತ್ತದೆ. ಬೇಗ ಹೋದರೆ ಅಕ್ಕಪಕ್ಕದವು ಅಲ್ಲಿಗೆ ವಾಲುತ್ತವೆ, ಶಾಶ್ವತ ಹಲ್ಲು ಜಾಗವಿಲ್ಲದೆ ಎಲ್ಲೋ ಹುಟ್ಟುತ್ತದೆ.

ಒಂದು ಸಮಾಧಾನದ ಮಾತೂ ಇದೆ. ಎಂಟೊಂಬತ್ತು ವರ್ಷಕ್ಕೆ ಮೇಲಿನ ಮುಂದಿನ ಎರಡು ಹಲ್ಲಿನ ನಡುವೆ ಸಂದು ಕಂಡರೆ ಗಾಬರಿ ಬೇಡ. 11–12ಕ್ಕೆ ಕೋರೆ ಹಲ್ಲು ಬರುವಾಗ ಎಷ್ಟೋ ಮಕ್ಕಳಲ್ಲಿ ಅದು ತಾನಾಗಿ ಮುಚ್ಚುತ್ತದೆ.

ನನಗೆ 45. ಈಗ ಕ್ಲಿಪ್ ಹಾಕಿಸಿದರೆ ಜನ ಏನಂದುಕೊಳ್ಳುತ್ತಾರೆ?

ಜನ ಒಂದು ವಾರ ಕೇಳುತ್ತಾರೆ, ಆಮೇಲೆ ಮರೆಯುತ್ತಾರೆ. ಹಲ್ಲು ಸರಿಯುವುದಕ್ಕೆ ವಯಸ್ಸಿನ ಮಿತಿ ಇಲ್ಲ. ಒಸಡು ಮತ್ತು ಮೂಳೆ ಗಟ್ಟಿಯಾಗಿರಬೇಕು, ಅದೇ ಮುಖ್ಯ. ಒಸಡಲ್ಲಿ ರಕ್ತ, ಕೀವು ಇದ್ದರೆ ಮೊದಲು ಅದರ ಚಿಕಿತ್ಸೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಮೂಳೆ ಸವೆತಕ್ಕೆ ಮಾತ್ರೆಯೋ ಇಂಜೆಕ್ಷನ್ನೋ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಹೇಳಿ, ಕೆಲವು ಔಷಧಿಗಳು ಹಲ್ಲು ಸರಿಯುವುದನ್ನೇ ತಡೆಯುತ್ತವೆ. ಗುಟ್ಕಾ, ಸಿಗರೇಟು ಬಿಡಬೇಕು. ಅದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಯಾರ ಹತ್ತಿರ ಮಾಡಿಸಬೇಕು? ಖರ್ಚು ಎಷ್ಟು?

ದಂತವೈದ್ಯರೆಲ್ಲ ಓದುವುದು ಐದು ವರ್ಷದ ಬಿಡಿಎಸ್. ಅದರ ಮೇಲೆ ಮೂರು ವರ್ಷ ಹಲ್ಲು ಜೋಡಿಸುವ ವಿಷಯದಲ್ಲೇ ಎಂಡಿಎಸ್ ಮಾಡಿದವರು ಆರ್ಥೊಡಾಂಟಿಸ್ಟ್. ನೀವು ಸದಾ ಹೋಗುವ ದಂತವೈದ್ಯರ ಕ್ಲಿನಿಕ್ಕಿಗೇ ಆರ್ಥೊಡಾಂಟಿಸ್ಟ್ ತಿಂಗಳಿಗೊಮ್ಮೆ ಬಂದು ನೋಡುವ ಪದ್ಧತಿ ನಮ್ಮ ಸಣ್ಣ ಊರುಗಳಲ್ಲಿ ಇದೆ. ಅದರಲ್ಲಿ ತಪ್ಪಿಲ್ಲ. ಆದರೆ 'ನನ್ನ ಕೇಸ್ ನೋಡುವವರು ಯಾರು, ಕೊನೆವರೆಗೂ ಅವರೇ ಬರುತ್ತಾರಾ' ಎಂದು ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಖರ್ಚು ಊರಿಂದ ಊರಿಗೆ, ಕೇಸಿಂದ ಕೇಸಿಗೆ ಬದಲಾಗುತ್ತದೆ. ಲೋಹದ ಕ್ಲಿಪ್ಪಿಗೆ ಎಲ್ಲಕ್ಕಿಂತ ಕಡಿಮೆ. ಹಲ್ಲಿನ ಬಣ್ಣದ ಸೆರಾಮಿಕ್ಕಿಗೆ ಇನ್ನಷ್ಟು. ತಂತಿಯ ಬದಲು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಒರೆ, ಅಂದರೆ ಅಲೈನರ್, ಲಕ್ಷ ದಾಟುವುದು ಮಾಮೂಲು. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಇದಕ್ಕೆ ಹಣ ಸಿಗುವುದು ಅಪರೂಪ. ಬಹಳ ಕಡೆ ಕಂತಿನಲ್ಲಿ ಕಟ್ಟಬಹುದು. ಒಟ್ಟು ಮೊತ್ತದಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ಎಕ್ಸ್‌ರೇ, ಹಲ್ಲು ಕೀಳುವುದು, ಬ್ರಾಕೆಟ್ (ತಂತಿ ಕೂರಿಸಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಬಿದ್ದರೆ ಮತ್ತೆ ಅಂಟಿಸುವುದು, ಕೊನೆಯ ರಿಟೇನರ್ (ಕ್ಲಿಪ್ ತೆಗೆದ ಮೇಲೆ ಹಲ್ಲು ಹಿಂದಕ್ಕೆ ಸರಿಯದಂತೆ ಹಿಡಿದಿಡುವ ಸಾಧನ), ಇವೆಲ್ಲ ಒಳಗೋ ಹೊರಗೋ? ಜಗಳ ಬರುವುದು ಬಹುತೇಕ ಇಲ್ಲೇ.

ಕೈಯಲ್ಲಿ ಹಣ ಕಡಿಮೆ ಇದ್ದರೆ ಡೆಂಟಲ್ ಕಾಲೇಜುಗಳನ್ನು ಮರೆಯಬೇಡಿ. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ ಸರ್ಕಾರಿ ದಂತ ಕಾಲೇಜಿದೆ. ಮೈಸೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ಖಾಸಗಿ ಕಾಲೇಜುಗಳಿವೆ. ಅಲ್ಲಿ ಎಂಡಿಎಸ್ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರೇ ಕೆಲಸ ಮಾಡುತ್ತಾರೆ. ಖರ್ಚು ಹೊರಗಿಗಿಂತ ಕಡಿಮೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಸರದಿ ಕಾಯಬೇಕು. ಆದರೆ ಒಂದು ಹಲ್ಲಿನ ಬಗ್ಗೆ ನಾಲ್ಕು ಜನ ಯೋಚಿಸುತ್ತಾರೆ. ನಾನು ಕೆಲಸ ಕಲಿತದ್ದೂ ಅಂಥ ಕಡೆಯೇ.

ಕ್ಲಿಪ್ಪೋ ಅಲೈನರೋ?

ಅಲೈನರ್ ಅಂದರೆ ಹಲ್ಲಿಗೆ ಒರೆಯ ಹಾಗೆ ಕೂರುವ ಪಾರದರ್ಶಕ ಪ್ಲಾಸ್ಟಿಕ್. ಒಂದೊಂದು ಒರೆಯೂ ಹಲ್ಲನ್ನು ಕಾಲು ಮಿಲಿಮೀಟರಿನಷ್ಟು ಸರಿಸುತ್ತದೆ. ವಾರಕ್ಕೋ ಎರಡು ವಾರಕ್ಕೋ ಹೊಸದು ಹಾಕಿಕೊಳ್ಳಬೇಕು. ಊಟಕ್ಕೆ ತೆಗೆಯಬಹುದು, ಹಲ್ಲುಜ್ಜುವುದು ಸುಲಭ. ಆದರೆ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಲೇಬೇಕು. ಗಂಟೆಗೊಮ್ಮೆ ಕಾಫಿ ಕುಡಿಯುವವರಿಗೆ ಇದು ಕಷ್ಟ. ಪ್ರತಿ ಸಲ ತೆಗೆದು, ಬಾಯಿ ತೊಳೆದು, ಮತ್ತೆ ಹಾಕಬೇಕು. ಬಹಳ ತಿರುಗಿದ ಹಲ್ಲು, ಕೀಳಿಸಿ ದೊಡ್ಡ ಜಾಗ ಮುಚ್ಚುವ ಕೇಸು ಇದ್ದರೆ ತಂತಿಯ ಮೇಲೆ ನನಗೆ ಹೆಚ್ಚು ನಂಬಿಕೆ. ಶಾಲೆಗೆ ಹೋಗುವ ಮಕ್ಕಳಿಗೂ ತಂತಿಯೇ ವಾಸಿ. ಅಂಟಿದ್ದನ್ನು ಕಳೆದುಕೊಳ್ಳಲು ಆಗುವುದಿಲ್ಲ.

ವೈದ್ಯರನ್ನು ಒಮ್ಮೆಯೂ ನೇರ ನೋಡದೆ, ಮನೆಗೇ ಪೆಟ್ಟಿಗೆ ತರಿಸಿಕೊಳ್ಳುವ ಅಲೈನರ್ ಬೇಡವೇ ಬೇಡ. ಅಮೆರಿಕದಲ್ಲಿ ಹಾಗೆ ಮಾರುತ್ತಿದ್ದ ಸ್ಮೈಲ್‌ಡೈರೆಕ್ಟ್‌ಕ್ಲಬ್ ಎಂಬ ದೊಡ್ಡ ಕಂಪನಿ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಚಿಕಿತ್ಸೆಯ ನಡುವೆ ಇದ್ದವರು ಅಲ್ಲೇ ಉಳಿದರು. ಮೂಳೆ, ಒಸಡು, ಬೇರು ಯಾವುದನ್ನೂ ನೋಡದೆ ಹಲ್ಲು ಸರಿಸುವುದು ಕತ್ತಲಲ್ಲಿ ಗಾಡಿ ಓಡಿಸಿದ ಹಾಗೆ.

ಹಲ್ಲು ಕೀಳಿಸಲೇಬೇಕಾ? ಮೇಲಿನ ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆ ಅಂತಾರಲ್ಲ?

ಮೊದಲು ಕಣ್ಣಿನ ಮಾತು. ಈ ಹೆದರಿಕೆ ಅಜ್ಜಿಯರಿಂದ ಮೊಮ್ಮಕ್ಕಳವರೆಗೂ ಬಂದಿದೆ. ದೃಷ್ಟಿಯ ನರವೇ ಬೇರೆ, ಮೇಲಿನ ಹಲ್ಲಿನ ನರವೇ ಬೇರೆ. ಹಲ್ಲು ಕೀಳುವುದರಿಂದ ಕಣ್ಣು ಮಂದವಾಗುವುದಿಲ್ಲ. ಖಂಡಿತ ಇಲ್ಲ.

ಇನ್ನು ಕೀಳಿಸುವ ವಿಷಯ. ಎಲ್ಲರಿಗೂ ಬೇಕಿಲ್ಲ. ಆದರೆ ಹಲ್ಲು ಒಂದರ ಮೇಲೊಂದು ಹತ್ತಿ ನಿಂತಿದ್ದರೆ, ಅಥವಾ ತುಟಿ ಮುಚ್ಚಲಾಗದಷ್ಟು ಮುಂದೆ ಬಂದಿದ್ದರೆ, ಅವನ್ನು ಕೂರಿಸಲು ಜಾಗ ಬೇಕಲ್ಲ? ಕೋರೆ ಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲು ಸುಮಾರು 7 ಮಿಲಿಮೀಟರ್ ಅಗಲ. ನಾಲ್ಕು ಮೂಲೆಯಲ್ಲಿ ಒಂದೊಂದು ತೆಗೆದರೆ ಬೇಕಾದಷ್ಟು ಜಾಗ ಸಿಗುತ್ತದೆ. ಚಿಕಿತ್ಸೆ ಮುಗಿದಾಗ ಆ ಸಂದು ಪೂರ್ತಿ ಮುಚ್ಚಿರುತ್ತದೆ, ಅಗಿಯಲು ಕಷ್ಟ ಆಗುವುದಿಲ್ಲ. ಜಾಗ ಕಡಿಮೆ ಸಾಕಾದರೆ ಹಲ್ಲಿನ ಪಕ್ಕವನ್ನು ಕೂದಲೆಳೆಯಷ್ಟು ಸವರಿ ಹೊಂದಿಸಬಹುದು. ಮೂಳೆಗೆ ಸಣ್ಣ ಸ್ಕ್ರೂ ಹಾಕಿ ಇಡೀ ಸಾಲನ್ನು ಹಿಂದಕ್ಕೆ ಎಳೆಯುವುದೂ ಉಂಟು.

ಕೀಳಿಸಲು ಹೇಳಿದರೆ 'ಯಾಕೆ' ಎಂದು ಕೇಳಿ. ನಿಮ್ಮ ಹಲ್ಲಿನ ಅಚ್ಚನ್ನೂ ಎಕ್ಸ್‌ರೇಯನ್ನೂ ಮುಂದಿಟ್ಟುಕೊಂಡು ಅವರು ವಿವರಿಸಬೇಕು. ಮನಸ್ಸಿಗೆ ಒಪ್ಪದಿದ್ದರೆ ಇನ್ನೊಬ್ಬರನ್ನು ಕೇಳಿ. ಕಿತ್ತ ಹಲ್ಲು ಮತ್ತೆ ಬರುವುದಿಲ್ಲ, ಹಾಗಾಗಿ ಈ ಒಂದು ವಿಷಯದಲ್ಲಿ ಎಷ್ಟು ಕೇಳಿದರೂ ಜಾಸ್ತಿ ಅಲ್ಲ.

ಕ್ಲಿಪ್ ಹಾಕುವ ದಿನ ಏನೇನು ಮಾಡುತ್ತಾರೆ?

ಇಂಜೆಕ್ಷನ್ ಇಲ್ಲ. ಹಲ್ಲು ಶುಚಿ ಮಾಡಿ, ಮೇಲೆ ಒಂದು ಆಮ್ಲದ ಜೆಲ್ಲನ್ನು ಅರ್ಧ ನಿಮಿಷ ಹಚ್ಚಿ ತೊಳೆಯುತ್ತಾರೆ. ಇದರಿಂದ ಹಲ್ಲಿನ ಮೈ ಕಣ್ಣಿಗೆ ಕಾಣದಷ್ಟು ತರಿಯಾಗುತ್ತದೆ, ಅಂಟು ಹಿಡಿಯುತ್ತದೆ. ಆಮೇಲೆ ಬ್ರಾಕೆಟ್ ಒಂದೊಂದಾಗಿ ಅಂಟಿಸಿ ನೀಲಿ ಬೆಳಕು ಹಾಯಿಸುತ್ತಾರೆ. ಕೊನೆಗೆ ತಂತಿ, ಅದನ್ನು ಹಿಡಿದಿಡಲು ಪುಟ್ಟ ರಬ್ಬರ್. ಒಂದೂವರೆ ಗಂಟೆ ಸಾಕು. ಹೊಟ್ಟೆ ತುಂಬ ಊಟ ಮಾಡಿಕೊಂಡು ಬನ್ನಿ, ಸಂಜೆ ಸರಿಯಾಗಿ ಉಣ್ಣಲು ಆಗದೇ ಇರಬಹುದು.

ಕೆಲವರಿಗೆ ಐದಾರು ದಿನ ಮೊದಲೇ ದವಡೆ ಹಲ್ಲಿನ ಸಂದಿಗೆ ಚಿಕ್ಕ ರಬ್ಬರ್ ಉಂಗುರ ಹಾಕುತ್ತಾರೆ. ಕೊಬ್ಬರಿ ಚೂರು ಸಿಕ್ಕಿಕೊಂಡ ಹಾಗೆ ಅನಿಸುತ್ತದೆ. ಕಡ್ಡಿ ಹಾಕಿ ಕೀಳಬೇಡಿ.

ತುಂಬಾ ನೋವಾಗುತ್ತಾ?

ಹಾಕುವಾಗ ನೋವಿಲ್ಲ. ಮೂರ್ನಾಲ್ಕು ಗಂಟೆಯ ನಂತರ ಹಲ್ಲು ಬಿಗಿದ ಹಾಗೆ ಆಗುತ್ತದೆ. ಮರುದಿನ ಹೆಚ್ಚು. ಅನ್ನ ಅಗಿದರೂ ನೋಯಬಹುದು. ಮೂರನೆಯ ದಿನದಿಂದ ಇಳಿಯುತ್ತಾ, ವಾರದೊಳಗೆ ಹೋಗುತ್ತದೆ. ಪ್ರತಿ ಸಲ ತಂತಿ ಬದಲಿಸಿದಾಗಲೂ ಇದೇ, ಆದರೆ ಮೊದಲಿನಷ್ಟಿಲ್ಲ. ತಡೆಯಲಾಗದಿದ್ದರೆ ಪ್ಯಾರಸಿಟಮಾಲ್ ಸಾಕು. ಮಕ್ಕಳಿಗೆ ಎಷ್ಟು ಕೊಡಬೇಕೆಂದು ಕೇಳಿಕೊಂಡೇ ಕೊಡಿ.

ಒಂದು ಸುಲಭದ ಉಪಾಯ ಹೇಳುತ್ತೇನೆ. ಮೊದಲ ತಿಂಗಳುಗಳಲ್ಲಿ ಹಾಕುವ ತಂತಿ ನಿಕಲ್ ಮತ್ತು ಟೈಟಾನಿಯಂ ಬೆರೆಸಿದ್ದು. ಬಗ್ಗಿಸಿದರೂ ತನ್ನ ಮೊದಲಿನ ಆಕಾರಕ್ಕೆ ಮರಳುವ ಲೋಹ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿ, 1970ರ ದಶಕದಲ್ಲಿ ಹಲ್ಲಿಗೆ ಬಂತು. ಅದರಲ್ಲಿ ಒಂದು ಬಗೆ ಬಾಯಿಯ ಬಿಸಿಗೆ ಬಿಗಿಯಾಗುತ್ತದೆ, ತಂಪಿಗೆ ಮೆತ್ತಗಾಗುತ್ತದೆ. ಹಾಗಾಗಿ ನೋವಿದ್ದಾಗ ತಣ್ಣೀರನ್ನು ಒಂದು ನಿಮಿಷ ಬಾಯಲ್ಲಿ ಹಿಡಿದುಕೊಳ್ಳಿ. ಹಾಯೆನಿಸುತ್ತದೆ.

ಕೆನ್ನೆಯ ಒಳಗೆ, ತುಟಿಯ ಒಳಗೆ ಉಜ್ಜಿ ಹುಣ್ಣಾಗುವುದು ಬೇರೆ. ಅದಕ್ಕೆ ಕ್ಲಿನಿಕ್ಕಲ್ಲಿ ಮೇಣ ಕೊಡುತ್ತಾರೆ. ಕಡಲೆಕಾಳಿನಷ್ಟು ತೆಗೆದು, ಉಂಡೆ ಮಾಡಿ, ಬ್ರಾಕೆಟ್ ಒರೆಸಿ ಅದರ ಮೇಲೆ ಒತ್ತಿ. ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿ. ಎರಡು ಮೂರು ವಾರದಲ್ಲಿ ಕೆನ್ನೆ ಒಗ್ಗಿಕೊಳ್ಳುತ್ತದೆ.

ಏನು ತಿನ್ನಬಹುದು, ಏನು ತಿನ್ನಬಾರದು?

ನಮ್ಮ ಅಡುಗೆಯಲ್ಲಿ ಕ್ಲಿಪ್ ಹಾಕಿದವರಿಗೆ ಬೇಕಾದಷ್ಟಿದೆ. ಇಡ್ಲಿ, ಉಪ್ಪಿಟ್ಟು, ಪೊಂಗಲ್, ಮೊಸರನ್ನ, ಶ್ಯಾವಿಗೆ, ಬಿಸಿಬೇಳೆಬಾತ್, ಮಾಗಿದ ಬಾಳೆಹಣ್ಣು, ಪಪ್ಪಾಯಿ. ರಾಗಿ ಮುದ್ದೆಯನ್ನಂತೂ ಅಗಿಯುವುದೇ ಬೇಡ, ನುಂಗಿದರೆ ಆಯಿತು. ಮೊದಲ ವಾರಕ್ಕೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಬೇಡದ್ದು ಎರಡು ಬಗೆ: ಗಟ್ಟಿ ಇರುವುದು, ಅಂಟುವುದು. ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಹುರಿದ ಕಡಲೆ, ಕಡಲೆಬೀಜದ ಚಿಕ್ಕಿ, ಹಪ್ಪಳದ ಗಟ್ಟಿ ಅಂಚು, ಐಸ್ ತುಂಡು, ಮೂಳೆ ಕಡಿಯುವುದು, ಅಡಿಕೆ, ಚ್ಯೂಯಿಂಗ್ ಗಮ್, ಟಾಫಿ. ಬ್ರಾಕೆಟ್ ಬೀಳುವುದು ಹೆಚ್ಚಾಗಿ ಹಬ್ಬದ ಮರುವಾರ. ಸಂಕ್ರಾಂತಿ ಕಳೆದರೆ ಕಬ್ಬು ಮತ್ತು ಸಕ್ಕರೆ ಅಚ್ಚು, ಗೋಕುಲಾಷ್ಟಮಿ ಕಳೆದರೆ ಚಕ್ಕುಲಿ. ಎಳ್ಳುಬೆಲ್ಲದಲ್ಲಿ ಎಳ್ಳನ್ನು ತಿನ್ನಿ, ಕೊಬ್ಬರಿ ಮತ್ತು ಬೆಲ್ಲದ ಅಚ್ಚನ್ನು ಬಿಡಿ. ಕಬ್ಬಿನ ಆಸೆ ಇದ್ದರೆ ಕಬ್ಬಿನ ಹಾಲು ಕುಡಿಯಿರಿ, ಆದರೆ ಬಾಯಿ ತೊಳೆಯಿರಿ.

ಉತ್ತರ ಕರ್ನಾಟಕದವರು ಕೇಳುವುದು ಜೋಳದ ರೊಟ್ಟಿ ಬಗ್ಗೆ. ಬಿಸಿ ಮೆತ್ತನೆ ರೊಟ್ಟಿ ತಿನ್ನಿ, ಚೆನ್ನಾಗಿ ತಿನ್ನಿ. ಖಡಕ್ ರೊಟ್ಟಿಯನ್ನು ಪಲ್ಯದ ರಸದಲ್ಲೋ ಮಜ್ಜಿಗೆಯಲ್ಲೋ ನೆನೆಸಿ ಮೆತ್ತಗೆ ಮಾಡಿಕೊಳ್ಳಿ.

ಸೀಬೆಹಣ್ಣು, ಸೇಬು, ಕ್ಯಾರೆಟ್, ಜೋಳದ ತೆನೆ ಬಿಡಬೇಕಿಲ್ಲ. ಮುಂದಿನ ಹಲ್ಲಲ್ಲಿ ಕಚ್ಚಬೇಡಿ ಅಷ್ಟೇ. ಸಣ್ಣದಾಗಿ ಹೆಚ್ಚಿ, ಹಿಂದಿನ ಹಲ್ಲಲ್ಲಿ ಅಗಿಯಿರಿ. ತೆನೆಯ ಕಾಳು ಬಿಡಿಸಿಕೊಳ್ಳಿ. ಮಾವಿನ ಗೊರಟೆ ಚೀಪಿದರೆ ನಾರು ಬ್ರಾಕೆಟ್ಟಿಗೆಲ್ಲ ಸುತ್ತುತ್ತದೆ, ಹೋಳು ಮಾಡಿ ತಿನ್ನಿ.

ಅರಿಶಿನದ ಬಗ್ಗೆಯೂ ಹೇಳಬೇಕು. ಸಾರು, ಪಲ್ಯದ ಅರಿಶಿನ ಪಾರದರ್ಶಕ ರಬ್ಬರನ್ನು ಎರಡೇ ದಿನದಲ್ಲಿ ಹಳದಿ ಮಾಡುತ್ತದೆ. ಹಲ್ಲೇ ಹಳದಿ ಆದ ಹಾಗೆ ಕಾಣುತ್ತದೆ. ಬೂದು, ಕಡುನೀಲಿ ಬಣ್ಣ ಕೇಳಿ ಹಾಕಿಸಿಕೊಳ್ಳಿ.

ಬ್ರಷ್ ಮಾಡುವುದು ಹೇಗೆ? ಎಷ್ಟು ಸಲ?

ಕ್ಲಿಪ್ಪಿನ ಕೆಲಸದಲ್ಲಿ ನನಗೆ ಅತಿ ಹೆಚ್ಚು ದುಃಖ ಕೊಡುವುದು ಒಂದೇ. ಎರಡು ವರ್ಷ ಕಷ್ಟಪಟ್ಟು ಹಲ್ಲು ನೇರ ಮಾಡಿ, ಬ್ರಾಕೆಟ್ ತೆಗೆದ ದಿನ, ಅದಿದ್ದ ಜಾಗದ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಚೌಕಟ್ಟು ಕಾಣುವುದು. ಕನ್ನಡಿ ಹಿಡಿದ ಹುಡುಗಿಯ ನಗು ಅಲ್ಲೇ ನಿಲ್ಲುತ್ತದೆ. ಅದು ಕ್ಲಿಪ್ಪಿನಿಂದ ಆದ ಕಲೆ ಅಲ್ಲ, ಬ್ರಾಕೆಟ್ ಸುತ್ತ ಕೂತ ಕೊಳೆಯ ಆಮ್ಲ ಎನಾಮಲ್ಲನ್ನು, ಅಂದರೆ ಹಲ್ಲಿನ ಗಟ್ಟಿ ಹೊರಪದರವನ್ನು, ತಿಂದ ಗುರುತು. ಹುಳುಕಿನ ಮೊದಲ ಹೆಜ್ಜೆ. ಉಜ್ಜದೆ ಬಿಟ್ಟರೆ ಒಂದೇ ತಿಂಗಳಲ್ಲಿ ಬರಬಹುದು. ಪೂರ್ತಿ ಹೋಗುವುದು ಕಷ್ಟ.

ಹಾಗಾಗಿ ಕೇಳಿ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ. ರಾತ್ರಿಯದ್ದು ಯಾವ ಕಾರಣಕ್ಕೂ ತಪ್ಪಬಾರದು. ಫ್ಲೋರೈಡ್ ಇರುವ ಪೇಸ್ಟ್. ಬ್ರಷ್ಷನ್ನು ಓರೆಯಾಗಿ ಹಿಡಿದು ಬ್ರಾಕೆಟ್ಟಿನ ಮೇಲ್ಗಡೆ, ಒಸಡಿಗೆ ತಾಗುವ ಹಾಗೆ ಉಜ್ಜಿ. ಆಮೇಲೆ ಕೆಳಗಡೆಯಿಂದ. ಆಮೇಲೆ ಒಳಬದಿ. ನಾಲ್ಕೈದು ನಿಮಿಷ ಬೇಕು. ತಂತಿಯ ಅಡಿಗೆ ಹೋಗಲು ಕ್ರಿಸ್‌ಮಸ್ ಗಿಡದ ಹಾಗಿರುವ ಪುಟ್ಟ ಸಂದಿ ಬ್ರಷ್ ಮೆಡಿಕಲ್ ಸ್ಟೋರಲ್ಲಿ ಸಿಗುತ್ತದೆ, ರಾತ್ರಿ ಅದನ್ನೂ ಬಳಸಿ. ಮಧ್ಯಾಹ್ನ ಶಾಲೆಯಲ್ಲಿ ಉಜ್ಜಲು ಆಗದಿದ್ದರೆ ನೀರು ಹಾಕಿ ಜೋರಾಗಿ ಮುಕ್ಕಳಿಸಿದರೂ ಆಯಿತು. ಉಜ್ಜುವಾಗ ರಕ್ತ ಬಂದರೆ ಬಿಡಬೇಡಿ. ಅಲ್ಲಿ ಕೊಳೆ ಇದೆ ಎಂದರ್ಥ, ಇನ್ನೂ ಚೆನ್ನಾಗಿ ಉಜ್ಜಿದರೆ ಕೆಲವು ದಿನದಲ್ಲಿ ನಿಲ್ಲುತ್ತದೆ.

ಹತ್ತು ವರ್ಷದ ಮಗು ತಾನೇ ಎಲ್ಲ ಮಾಡಿಕೊಳ್ಳಲಿ ಎಂದು ಬಿಡಬೇಡಿ. ರಾತ್ರಿ ಒಮ್ಮೆ ಟಾರ್ಚ್ ಹಾಕಿ ನೋಡಿ.

ನಮ್ಮೂರ ನೀರಿಂದ ಹಲ್ಲು ಕಂದು ಬಣ್ಣಕ್ಕಿದೆ. ಕ್ಲಿಪ್ ಹಾಕಬಹುದಾ?

ಹಾಕಬಹುದು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ಕೊಪ್ಪಳ, ರಾಯಚೂರು, ಗದಗ ಕಡೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹಲ್ಲು ಬೆಳೆಯುವ ವಯಸ್ಸಲ್ಲಿ ಅದನ್ನು ಕುಡಿದವರ ಎನಾಮಲ್ಲಿಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಬ್ರಾಕೆಟ್ ಬೀಳುವುದು ಹೆಚ್ಚು. ಆಮ್ಲ ಹೆಚ್ಚು ಹೊತ್ತು ಹಚ್ಚುವುದು, ಅಂಟಿಗೆ ಮೊದಲು ಹಚ್ಚುವ ಪ್ರೈಮರ್ ಬೇರೆ ಬಳಸುವುದು, ಹಿಂದಿನ ಹಲ್ಲಿಗೆ ಲೋಹದ ಪಟ್ಟಿ ಹಾಕುವುದು, ಹೀಗೆ ದಾರಿಗಳಿವೆ. ಊರು ಯಾವುದೆಂದು ವೈದ್ಯರಿಗೆ ಮೊದಲೇ ಹೇಳಿ. ಬಣ್ಣದ ಚಿಕಿತ್ಸೆ ಕ್ಲಿಪ್ ತೆಗೆದ ಮೇಲೆ.

ರಾತ್ರಿ ಹೊತ್ತು ತಂತಿ ಚುಚ್ಚಿದರೆ, ಬ್ರಾಕೆಟ್ ಬಿದ್ದರೆ ಏನು ಮಾಡಲಿ?

ತಂತಿಯ ತುದಿ ಕೆನ್ನೆಗೆ ಚುಚ್ಚುತ್ತಿದ್ದರೆ ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಮೆಲ್ಲಗೆ ಒಳಗೆ ಬಗ್ಗಿಸಿ, ಮೇಣ ಹಚ್ಚಿ. ಬೆಳಿಗ್ಗೆ ಫೋನ್ ಮಾಡಿ. ಬ್ರಾಕೆಟ್ ಸಡಿಲವಾಗಿ ತಂತಿಯಲ್ಲೇ ತೂಗುತ್ತಿದ್ದರೆ ಎಳೆಯಬೇಡಿ, ಹಾಗೇ ಇರಲಿ. ಪೂರ್ತಿ ಬಿದ್ದರೆ ಕಾಗದದಲ್ಲಿ ಸುತ್ತಿ ತನ್ನಿ. ಇವು ತುರ್ತು ಅಲ್ಲ. ಆದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ತೋರಿಸೋಣ ಎಂದು ಮೂರು ವಾರ ಬಿಟ್ಟರೆ ಆ ಹಲ್ಲು ಹಿಂದಕ್ಕೆ ಸರಿಯುತ್ತದೆ.

ಬ್ರಾಕೆಟ್ ನುಂಗಿದರೆ ಸಾಮಾನ್ಯವಾಗಿ ಹೊಟ್ಟೆ ಮೂಲಕ ಹೋಗಿಬಿಡುತ್ತದೆ. ಕೆಮ್ಮು ನಿಲ್ಲದಿದ್ದರೆ, ಉಸಿರು ಕಟ್ಟಿದ ಹಾಗಾದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮುಖ ಊದಿಕೊಂಡು ಜ್ವರ ಬಂದರೂ ಅಷ್ಟೇ.

ಮೇಲಿಂದ ಕೆಳಗೆ ಹಾಕಿಕೊಳ್ಳುವ ರಬ್ಬರ್ ಬ್ಯಾಂಡ್ ಕೊಟ್ಟಿದ್ದಾರೆ. ರಾತ್ರಿ ಮಾತ್ರ ಹಾಕಿದರೆ ಸಾಲದಾ?

ಹಾಗಂತ ವೈದ್ಯರು ಹೇಳಿದ್ದರೆ ಮಾತ್ರ. ಇಡೀ ದಿನ ಎಂದಿದ್ದರೆ ಊಟ, ಹಲ್ಲುಜ್ಜುವುದು ಬಿಟ್ಟು ಇಡೀ ದಿನ. ಮೇಲಿನ, ಕೆಳಗಿನ ಹಲ್ಲನ್ನು ಒಂದಕ್ಕೊಂದು ಹೊಂದಿಸುವುದು ಈ ಬ್ಯಾಂಡೇ, ನನ್ನ ಕೈಯಲ್ಲಿ ಅದಕ್ಕೆ ಬದಲಿಯಿಲ್ಲ. ಒಂದು ದಿನ ಮರೆತದ್ದಕ್ಕೆ ಮರುದಿನ ಎರಡು ಹಾಕಬೇಡಿ. ದಿನವೂ ಹೊಸದು ಹಾಕಿ, ಜೇಬಲ್ಲಿ ಒಂದೆರಡು ಇಟ್ಟುಕೊಳ್ಳಿ.

ಮುಂದಿನ ಸಂದು ಮುಚ್ಚಲು ಮನೆಯಲ್ಲೇ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುವ ವಿಡಿಯೊ ನೋಡಿದೆ. ಮಾಡಬಹುದಾ?

ದಯವಿಟ್ಟು ಬೇಡ. ಹಲ್ಲು ಮೇಲೆ ಹೋಗುತ್ತಾ ಸಪೂರ ಆಗುತ್ತದೆ. ಸುತ್ತಿದ ಬ್ಯಾಂಡ್ ಜಾರುತ್ತಾ ಒಸಡಿನೊಳಗೆ ಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬಿದ್ದುಹೋಯಿತು ಅಂದುಕೊಂಡು ಇನ್ನೊಂದು ಹಾಕುತ್ತಾರೆ. ಒಳಗಿನದು ಬೇರಿನ ಉದ್ದಕ್ಕೂ ಏರುತ್ತಾ ಹಿಡಿತವನ್ನೆಲ್ಲ ಕತ್ತರಿಸುತ್ತದೆ. ಹುಳುಕಿಲ್ಲದ, ಆರೋಗ್ಯವಾದ ಎರಡು ಮುಂದಿನ ಹಲ್ಲು ಅಲ್ಲಾಡಿ ಬಿದ್ದುಹೋದ ಪ್ರಕರಣಗಳು ವೈದ್ಯಕೀಯ ಬರಹಗಳಲ್ಲಿ ದಾಖಲಾಗಿವೆ. ಮನೆಯಲ್ಲಿ ಹದಿಹರೆಯದವರು ಇದ್ದರೆ ಈ ವಿಷಯ ಅವರಿಗೆ ಹೇಳಿ.

ಕೊಳಲು ನುಡಿಸಬಹುದಾ? ಕಬಡ್ಡಿ ಆಡಬಹುದಾ? ಗರ್ಭಿಣಿಯಾದರೆ?

ಕೊಳಲಿಗೆ ಒಂದೆರಡು ವಾರದಲ್ಲಿ ತುಟಿ ಹೊಂದಿಕೊಳ್ಳುತ್ತದೆ. ಆಟಕ್ಕೆ ಕ್ಲಿಪ್ಪಿನ ಮೇಲೆ ಹಾಕುವ ಮೌತ್‌ಗಾರ್ಡ್ ಇದೆ, ಹಾಕಿಕೊಂಡೇ ಆಡಿ. ಗರ್ಭಿಣಿಯರು ಚಿಕಿತ್ಸೆ ಮುಂದುವರಿಸಬಹುದು. ಒಸಡು ಬೇಗ ಊದುವ ಕಾಲ ಅದು, ಶುಚಿ ಹೆಚ್ಚು ಬೇಕು, ಎಕ್ಸ್‌ರೇ ಮುಂದೂಡುತ್ತೇವೆ. ತಲೆಯ ಎಂಆರ್‌ಐ ಮಾಡಿಸುವಾಗ ಕ್ಲಿಪ್ ಇದೆ ಎಂದು ಮೊದಲೇ ತಿಳಿಸಿ, ಚಿತ್ರ ಕಲೆಸಿಹೋಗಬಹುದು. ಒಡವೆಯ ನಿಕಲ್ಲಿಗೆ ಚರ್ಮ ತುರಿಸುವವರು ಅದನ್ನೂ ಹೇಳಬೇಕು.

ಮಗಳು ಎಸ್ಸೆಸ್ಸೆಲ್ಸಿ. ಮುಂದಿನ ವರ್ಷ ಬೇರೆ ಊರಲ್ಲಿ ಹಾಸ್ಟೆಲ್. ಈಗ ಶುರು ಮಾಡಲಾ?

ಇದು ಒಳ್ಳೆಯ ಪ್ರಶ್ನೆ, ತುಂಬ ಜನ ಕೇಳುವುದೇ ಇಲ್ಲ. ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆ ಊರಿಗೆ ಬರಲು ಆಗುತ್ತದೆ ಎಂದರೆ ಶುರು ಮಾಡಿ. ಆಗುವುದಿಲ್ಲ ಎಂದರೆ ಓದುವ ಊರಿಗೆ ಹೋದ ಮೇಲೇ ಅಲ್ಲಿನವರಲ್ಲಿ ಮಾಡಿಸಿ. ಆರು ತಿಂಗಳು ಯಾರೂ ನೋಡದೆ ಬಿಟ್ಟ ತಂತಿ ಹಲ್ಲನ್ನು ಬೇಡದ ಕಡೆಗೂ ಒಯ್ಯಬಹುದು. ನಡುವೆ ಊರು ಬಿಡಲೇಬೇಕಾದರೆ ಎಕ್ಸ್‌ರೇ, ಫೋಟೊ, ಮೊದಲಿನ ಅಚ್ಚು, ಇಲ್ಲಿಯವರೆಗೆ ಮಾಡಿದ್ದರ ವಿವರ, ಕಟ್ಟಿದ ಹಣದ ಲೆಕ್ಕ ಎಲ್ಲ ಬರೆಸಿಕೊಂಡು ಹೋಗಿ. ಅದನ್ನು ಕೇಳಿ ಪಡೆಯುವುದು ನಿಮ್ಮ ಹಕ್ಕು.

ಕ್ಲಿಪ್ ತೆಗೆದ ಮೇಲೆ ಮುಗಿಯಿತಲ್ಲ? ರಿಟೇನರ್ ಯಾಕೆ?

ಹಲ್ಲಿನ ಸುತ್ತಲಿನ ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ಒಸಡಿನ ನಾರು ಹಳೆಯ ಜಾಗಕ್ಕೆ ಎಳೆಯುತ್ತಲೇ ಇರುತ್ತದೆ, ತಿರುಗಿದ್ದ ಹಲ್ಲನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ. ಅದೂ ಅಲ್ಲದೆ, ಕ್ಲಿಪ್ಪನ್ನೇ ಹಾಕದವರ ಕೆಳಗಿನ ಮುಂದಿನ ಹಲ್ಲುಗಳೂ ವಯಸ್ಸಾದಂತೆ ಒತ್ತೊತ್ತಾಗುತ್ತವೆ. ಅದಕ್ಕೇ ರಿಟೇನರ್. ತೆಗೆದು ಹಾಕುವಂಥದ್ದಾದರೆ ಮೊದಲ ಕೆಲವು ತಿಂಗಳು ವೈದ್ಯರು ಹೇಳಿದಷ್ಟು ಹೊತ್ತು, ಆಮೇಲೆ ರಾತ್ರಿ ಮಾತ್ರ. ಹಲ್ಲಿನ ಒಳಬದಿಗೆ ಅಂಟಿಸುವ ತೆಳು ತಂತಿಯೂ ಇದೆ. ಅದು ಅಲ್ಲಲ್ಲಿ ಬಿಟ್ಟುಕೊಂಡಿದೆಯಾ ಎಂದು ವರ್ಷಕ್ಕೊಮ್ಮೆ ತೋರಿಸಬೇಕು.

ಎಷ್ಟು ವರ್ಷ ಎಂದು ಕೇಳಿದರೆ, ಹಲ್ಲು ನೇರ ಇರಬೇಕು ಅನ್ನುವಷ್ಟು ವರ್ಷ. ನನಗೆ 16ರಲ್ಲಿ ಕ್ಲಿಪ್ ತೆಗೆದರು. ಪಿಯುಸಿ ಓದಿನ ನಡುವೆ ರಿಟೇನರ್ ಹಾಕುವುದು ಬಿಟ್ಟೆ, ಆಮೇಲೆ ನೋಡಿದರೆ ಅದು ಕೂರಲೇ ಇಲ್ಲ. ಕೆಳಗಿನ ಒಂದು ಹಲ್ಲು ಮತ್ತೆ ತಿರುಗಿತು. ಅಪ್ಪ ಸಾಲ ಮಾಡಿ ಕಟ್ಟಿದ ಹಣ ಅದು. ಈಗಲೂ ಕನ್ನಡಿಯಲ್ಲಿ ಆ ಹಲ್ಲು ಕಾಣುತ್ತದೆ. ಅದಕ್ಕೇ ನಾನು ಈ ಪ್ರಶ್ನೆಗೆ ಹೆಚ್ಚು ಹೊತ್ತು ಕೂತು ಉತ್ತರ ಹೇಳುತ್ತೇನೆ.

ರಿಟೇನರ್ ನೋಡಿಕೊಳ್ಳುವುದು ಹೇಗೆ?

ತಣ್ಣೀರಲ್ಲಿ ಬ್ರಷ್ ಹಾಕಿ ತೊಳೆಯಿರಿ. ಬಿಸಿನೀರು ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಕಾರಿನಲ್ಲಿ ಬಿಸಿಲಿಗೆ ಬಿಡಬೇಡಿ. ನಾಯಿ ಇರುವ ಮನೆಯಲ್ಲಿ ಎತ್ತರದಲ್ಲಿಡಿ, ಅವಕ್ಕೆ ಅದನ್ನು ಕಡಿಯುವುದೆಂದರೆ ಇಷ್ಟ. ಒಂದೆರಡು ದಿನ ಬಿಟ್ಟು ಹಾಕಿದಾಗ ಬಿಗಿ ಅನಿಸಿದರೆ ಮತ್ತೆ ದಿನವೂ ಹಾಕಿ. ಕೂರದಿದ್ದರೆ ಒತ್ತಿ ಹಾಕಬೇಡಿ, ಆ ವಾರವೇ ಬನ್ನಿ.

ಊಟಕ್ಕೆ ತೆಗೆದಾಗ ಡಬ್ಬಿಯಲ್ಲೇ ಇಡಿ. ಹೆಚ್ಚಿನ ರಿಟೇನರ್ ಕಳೆದುಹೋಗುವುದು ಮದುವೆ ಮನೆಗಳಲ್ಲಿ. ತೆಗೆದು ಪೇಪರ್ ಕರವಸ್ತ್ರದಲ್ಲಿ ಸುತ್ತಿ ಬಾಳೆಲೆಯ ಪಕ್ಕ ಇಡುತ್ತಾರೆ. ಊಟ ಮುಗಿದು ಎಲೆ ಮಡಿಸುವಾಗ ಅದೂ ಒಳಗೆ ಹೋಗುತ್ತದೆ.